ಬೂದಿಯಿಲ್ಲದ ಊರಿನಲ್ಲಿ ಬೂದಿಗುಣಿ

2024ರ ಮಾರ್ಚ್ ಎರಡನೆಯ ವಾರದಲ್ಲಿ ನಮ್ಮ ಕೊಳವೆಬಾವಿ ಮೊದಲು ಗಾಳಿ ಉಗುಳಿತು, ಮರುದಿನ ಕೆಸರು, ಅದರ ಮರುದಿನ ಏನೂ ಇಲ್ಲ. ಯಲಹಂಕದ ಆಚೆಗಿರುವ ನಮ್ಮ ಬಡಾವಣೆಯಲ್ಲಿ ಟ್ಯಾಂಕರಿನ ಹಾರನ್ ಕೇಳಿದರೆ ಸಾಕು, ಬೀದಿಯ ಗೇಟುಗಳೆಲ್ಲ ಒಟ್ಟಿಗೆ ತೆರೆಯುತ್ತಿದ್ದ ದಿನಗಳವು. ಮನೆಯ ಪಕ್ಕದ ಮೂವತ್ತು-ನಲವತ್ತರ ಖಾಲಿ ಸೈಟು ಅಣ್ಣನದು. ತಾನು ಕಟ್ಟುವ ತನಕ ತರಕಾರಿ ಬೆಳೆದುಕೋ ಎಂದು ನನಗೆ ಬಿಟ್ಟುಕೊಟ್ಟಿದ್ದ. ಹನ್ನೆರಡು ಬದನೆ, ಎಂಟು ಟೊಮೆಟೊ, ಎರಡು ನುಗ್ಗೆ ಇದ್ದವು. ಕುಡಿಯುವ ನೀರನ್ನೇ ಚೊಂಬಿನ ಲೆಕ್ಕದಲ್ಲಿ ಬಳಸುವಾಗ ಗಿಡಗಳಿಗೆ ಬಕೆಟ್ ಎತ್ತಲು ಮನಸ್ಸು ಬರಲಿಲ್ಲ. ಎರಡು ವಾರದಲ್ಲಿ ನುಗ್ಗೆಯನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಡ್ಡಿಯಾಯಿತು.

ಆ ಕಡ್ಡಿಗಳನ್ನು ಕಿತ್ತು ಸೈಟು ಚೊಕ್ಕ ಮಾಡುವಾಗ ಮೂಲೆಯಲ್ಲಿದ್ದ ಮಂಗಳೂರು ಹೆಂಚಿನ ರಾಶಿಯನ್ನು ಸರಿಸಬೇಕಾಯಿತು. ಹಿಂದಿನ ಬೀದಿಯ ಹಳೆಯ ಮನೆಯೊಂದನ್ನು ಕೆಡವಿದಾಗ ತಂದು ಪೇರಿಸಿದ್ದ ಹೆಂಚುಗಳು. ಕೆಳಗಿನ ಸಾಲಿನಲ್ಲಿ ಒಡೆದ ಚೂರುಗಳೇ ಹೆಚ್ಚು. ಅವನ್ನು ಬಾಚಿದರೆ ಅಡಿಯ ಮಣ್ಣು ಕಪ್ಪಗೆ, ತಣ್ಣಗೆ ಇತ್ತು. ಒಂದು ಹಿಡಿ ತೆಗೆದು ಅದುಮಿದೆ, ಉಂಡೆ ಕಟ್ಟಿತು. ಮೂರು ತಿಂಗಳಿಂದ ಒಂದು ಹನಿ ಮಳೆ ಕಾಣದ ನೆಲ ಅದು. ಎರಡು ಮಾರು ಆಚೆ ನಾನು ನೀರು ಹಾಕಿಯೂ ಉಳಿಸಿಕೊಳ್ಳಲಾಗದ ಬದನೆ ಸತ್ತಿತ್ತು.

ಲಾನ್ಸರೋಟೆ ನೆನಪಾದದ್ದು ಆ ಉಂಡೆಯನ್ನು ಕೈಯಲ್ಲಿ ಹಿಡಿದು ನಿಂತಾಗ. ಆಫ್ರಿಕಾದ ವಾಯವ್ಯ ಕರಾವಳಿಯ ಆಚೆ ಅಟ್ಲಾಂಟಿಕ್ ಸಾಗರದಲ್ಲಿರುವ ಕ್ಯಾನರಿ ದ್ವೀಪಗಳಲ್ಲಿ ಒಂದು, ಸ್ಪೇನ್ ದೇಶಕ್ಕೆ ಸೇರಿದ್ದು. ವರ್ಷಕ್ಕೆ ಅಲ್ಲಿ ಬೀಳುವ ಮಳೆ ಸುಮಾರು 150 ಮಿಲಿಮೀಟರ್. ನಮ್ಮಲ್ಲಿ ಒಳ್ಳೆಯ ಸೆಪ್ಟೆಂಬರ್ ಒಂದರಲ್ಲೇ ಅಷ್ಟು ಸುರಿದುಬಿಡುತ್ತದೆ. ನದಿಯಿಲ್ಲ, ಹಳ್ಳವಿಲ್ಲ. 1730ರ ಸೆಪ್ಟೆಂಬರ್ 1ರಂದು ಅಲ್ಲಿ ನೆಲ ಬಿರಿದು ಶುರುವಾದ ಜ್ವಾಲಾಮುಖಿ ನಿಂತದ್ದು 1736ರಲ್ಲಿ. ಯೈಸಾ ಎಂಬ ಊರಿನ ಪಾದ್ರಿ ಆಂದ್ರೆಸ್ ಲೊರೆನ್ಸೊ ಕುರ್ಬೆಲೊ ಅದರ ಆರಂಭದ ದಿನಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ದ್ವೀಪದ ಸುಮಾರು ಕಾಲು ಭಾಗ ಲಾವಾ ಮತ್ತು ಬೂದಿಯಡಿ ಹೋಯಿತು, ಒಳ್ಳೆಯ ಹೊಲಗಳೂ ಅದರೊಳಗೇ ಸೇರಿದವು. ಉಳಿದ ರೈತರು ಆ ಕರಿಬೂದಿಯನ್ನು ಬಗೆದು, ಅಡಿಯಲ್ಲಿದ್ದ ಹಳೆಯ ಮಣ್ಣು ಸಿಗುವವರೆಗೆ ಬಾವಿಯಂಥ ಗುಣಿ ತೋಡಿ, ಒಂದೊಂದು ಗುಣಿಯಲ್ಲಿ ಒಂದೊಂದೇ ದ್ರಾಕ್ಷಿ ಬಳ್ಳಿ ನೆಟ್ಟರು. ಗಾಳಿ ಬರುವ ಕಡೆಗೆ ಅರ್ಧಚಂದ್ರಾಕಾರದ ಕಲ್ಲಿನ ಗೋಡೆ ಇಟ್ಟರು. ಬೂದಿಗೆ ಕ್ಯಾನರಿ ದ್ವೀಪಗಳವರ ಮಾತು ಪಿಕೋನ್, ಗೋಡೆಗೆ ಸೋಕೊ. ಲಾ ಹೆರಿಯಾ ಎಂಬ ಕಣಿವೆಯಲ್ಲಿ ಇಂಥ ಗುಣಿಗಳು ಸಾವಿರಗಟ್ಟಲೆ ಇವೆ. ಮಾಲ್ವಸಿಯಾ ಎಂಬ ಬಿಳಿ ದ್ರಾಕ್ಷಿ ಇಂದಿಗೂ ಅವುಗಳಲ್ಲಿ ಬೆಳೆಯುತ್ತದೆ.

ಐದು ಮೀಟರ್ ಅಗಲದ ಒಂದು ಗುಣಿಯ ಮೇಲೆ 150 ಮಿಲಿಮೀಟರ್ ಮಳೆ ಬಿದ್ದರೆ ವರ್ಷಕ್ಕೆ ಮೂರು ಸಾವಿರ ಲೀಟರಿಗಿಂತ ಕಡಿಮೆ. ಒಂದು ಬಳ್ಳಿಯ ವರ್ಷದ ಬದುಕು ಅಷ್ಟರಲ್ಲಿ. ನಮ್ಮ ಬೀದಿಗೆ ಬರುವ ಟ್ಯಾಂಕರಿನ ಅರ್ಧವೂ ಅಲ್ಲ.

ಬೂದಿಯ ಬದಲು ಏನು?

ಅಂಥ ಆರು ಗುಣಿಗಳನ್ನು ನಮ್ಮ ಸೈಟಿನಲ್ಲೂ ಮಾಡಿ ನೋಡೋಣ ಎನಿಸಿತು. ಆದರೆ ಜ್ವಾಲಾಮುಖಿಯ ಬೂದಿ ಬೆಂಗಳೂರಿನಲ್ಲಿ ಎಲ್ಲಿಂದ ಬರಬೇಕು? ನಾವು ಕುಳಿತಿರುವುದು ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ನೈಸ್ ಶಿಲೆಯ ಮೇಲೆ. ಲಾಲ್‌ಬಾಗಿನ ಬಂಡೆ ಅದೇ ಶಿಲೆ. ಲಾವಾ ಹರಿದ ನೆಲ ನೋಡಬೇಕೆಂದರೆ ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆಗೆ ಹೋಗಬೇಕು, ಅಲ್ಲಿಯೂ ಅದು ಕಲ್ಲಾಗಿ, ಎರೆಮಣ್ಣಾಗಿ ಯುಗಗಳೇ ಕಳೆದಿವೆ.

ಆದ್ದರಿಂದ ಬೂದಿ ಮಾಡುವ ಕೆಲಸ ಏನು ಎಂದು ಮೊದಲು ತಿಳಿಯಬೇಕಿತ್ತು. ಬಿಸಿಲಿಗೆ ಮಣ್ಣಿನ ಮೇಲ್ಪದರ ಒಣಗಿದಾಗ ಕೆಳಗಿನ ತೇವ ಮಣ್ಣಿನ ಸಣ್ಣ ಸಣ್ಣ ಸಂದುಗಳಲ್ಲಿ ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ ಮೇಲೇರಿ ಬರುತ್ತದೆ, ಮತ್ತೆ ಆವಿಯಾಗುತ್ತದೆ. ದಪ್ಪ ಹರಳಿನ ಬೂದಿಯಲ್ಲಿ ಸಂದುಗಳು ದೊಡ್ಡವು. ಅಲ್ಲಿಗೆ ಬಂದಾಗ ಬತ್ತಿ ತುಂಡಾಗುತ್ತದೆ. ಮೇಲಿನಿಂದ ಬಿದ್ದ ಮಳೆ ಆ ಸಂದುಗಳಲ್ಲೇ ಸರಸರನೆ ಇಳಿಯುತ್ತದೆ, ಕೆಳಗಿನ ತೇವಕ್ಕೆ ಮೇಲೇರುವ ದಾರಿ ಸಿಗುವುದಿಲ್ಲ. ಹರಳಿನೊಳಗೆಲ್ಲ ಗಾಳಿಯ ತೂತುಗಳಿರುವುದರಿಂದ ಬಿಸಿಲಿನ ಕಾವೂ ಕೆಳಗಿನ ಮಣ್ಣಿಗೆ ಸುಲಭವಾಗಿ ಮುಟ್ಟುವುದಿಲ್ಲ.

ಇದನ್ನು ಎದುರುಮನೆಯ ತಾತನಿಗೆ ಹೇಳಿದೆ. ನಮ್ಮ ಬಡಾವಣೆ ಎದ್ದಿರುವುದು ಅವರು ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳ ಮೇಲೆಯೇ. ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟು: "ಎಡೆಕುಂಟೆ ಹೊಡೆಯುವುದು ಮತ್ತೆ ಯಾಕಮ್ಮ? ಬರೀ ಕಳೆಗಲ್ಲ. ಮಳೆ ನಿಂತು ಮೇಲೆ ಹೆಪ್ಪು ಕಟ್ಟಿದಾಗ ಕುಂಟೆ ಆಡಿಸಿ ಮೇಲಿನ ಎರಡು ಬೆರಳು ಮಣ್ಣು ಪುಡಿ ಮಾಡಿದರೆ ಕೆಳಗಿನ ಹಸಿ ಕೆಳಗೇ ಇರುತ್ತದೆ."

ಅವರ ಎರಡು ಬೆರಳು ಪುಡಿಮಣ್ಣಿಗೂ ಲಾನ್ಸರೋಟೆಯ ಬೂದಿಗೂ ಒಂದೇ ಉದ್ಯೋಗ ಎಂದು ಅರ್ಥವಾದ ಮೇಲೆ ನನಗೆ ಈ ಕೆಲಸ ಪರದೇಶದ್ದು ಎನಿಸಲಿಲ್ಲ.

ಸಾಮಗ್ರಿಗೆ ನಾಲ್ಕು ದಾರಿಗಳಿದ್ದವು. ಬಚ್ಚಲುಮನೆಯ ತಗ್ಗು ತುಂಬಲು ಬಳಸುವ ಸಿಂಡರ್ ಹಗುರ, ತೂತುತೂತು, ನೋಡಲು ಬೂದಿಯಂತೆಯೇ ಕಾಣುತ್ತದೆ. ಆದರೆ ಅದು ಕಲ್ಲಿದ್ದಲು ಸುಟ್ಟ ಉಳಿಕೆ, ಅದರಲ್ಲಿ ಭಾರಲೋಹಗಳು ಇರಬಹುದು. ತಿನ್ನುವ ಗಿಡದ ಬುಡಕ್ಕೆ ಅದನ್ನು ಹಾಕಲಾರೆ, ಯಾರೂ ಹಾಕಬಾರದು ಎಂದೇ ನನ್ನ ಅಭಿಪ್ರಾಯ. ಜಲ್ಲಿ ಬತ್ತಿಯನ್ನು ತುಂಡರಿಸುತ್ತದೆ ನಿಜ, ಆದರೆ ಒಳಗೆ ಗಟ್ಟಿ ಕಲ್ಲು, ಕಾವನ್ನು ಹಿಡಿದು ಕೆಳಗೆ ದಾಟಿಸುತ್ತದೆ. ತರಗೆಲೆ, ಹುಲ್ಲು ಮಣ್ಣಿಗೆ ಬಹಳ ಒಳ್ಳೆಯದು, ಆದರೆ ನಮ್ಮ ಸೈಟಿನಲ್ಲಿ ಗೆದ್ದಲು ಒಂದೇ ಬೇಸಗೆಯಲ್ಲಿ ಮುಗಿಸುತ್ತದೆ. ಉಳಿದದ್ದು ಹೆಂಚು: ಸುಟ್ಟ ಜೇಡಿಮಣ್ಣು, ಹಗುರ, ಒಳಗೆಲ್ಲ ಸೂಕ್ಷ್ಮ ರಂಧ್ರ, ದುಡ್ಡು ಕೊಡಬೇಕಿಲ್ಲ, ಕಣ್ಣೆದುರೇ ರಾಶಿ ಬಿದ್ದಿದೆ.

ಹೆಂಚು ಒಡೆದದ್ದು, ಜರಡಿ ಹಿಡಿದದ್ದು

ಐದು ಅಡಿ ಅಗಲದ ಗುಣಿಗೆ ಮೂರು ಅಂಗುಲ ದಪ್ಪ ಹೊದಿಸಲು ಸುಮಾರು 140 ಲೀಟರ್ ಚೂರು ಬೇಕು. ಒಂದು ಗುಣಿಗೆ ಅರವತ್ತೈದು ಹೆಂಚು, ಆರು ಗುಣಿಗೆ ನಾನೂರರ ಹತ್ತಿರ. ಗೋಣಿಚೀಲದೊಳಗೆ ಐದೈದು ಹೆಂಚು ಹಾಕಿ, ಬಾಯಿ ಕಟ್ಟಿ, ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದೆ. ಚೀಲ ಕಟ್ಟದೆ ಒಡೆದರೆ ಚೂರು ಕಣ್ಣಿಗೆ ಹಾರುತ್ತದೆ, ಧೂಳು ಮೂಗಿಗೆ ಹೋಗುತ್ತದೆ. ಮಾಸ್ಕ್ ಮತ್ತು ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಬಟಾಣಿಯಿಂದ ಗೋಲಿಯವರೆಗಿನ ಗಾತ್ರ ನನಗೆ ಬೇಕಾದದ್ದು.

ಮೊದಲ ಗುಣಿಗೆ ಜರಡಿ ಹಿಡಿಯದೆ ಪುಡಿಸಮೇತ ಸುರಿದೆ, ಪುಡಿಯೂ ಹೆಂಚೇ ಅಲ್ಲವೇ ಎಂದುಕೊಂಡು. ನೀರು ಹಾಕಿದ ಮೂರನೆಯ ಬೆಳಿಗ್ಗೆ ನೋಡಿದರೆ ಮೇಲಿನ ಚೂರುಗಳು ಕಡುಗೆಂಪಾಗಿ ತೇವಗೊಂಡಿದ್ದವು, ಮಧ್ಯಾಹ್ನಕ್ಕೆ ಮಾಸಲು ಕಿತ್ತಳೆಯಾಗಿದ್ದವು. ಮರುದಿನ ಬೆಳಿಗ್ಗೆ ಮತ್ತೆ ಕಡುಗೆಂಪು. ಪುಡಿ ಸಂದುಗಳನ್ನು ತುಂಬಿ ತಾನೇ ಬತ್ತಿಯಾಗಿತ್ತು. ರಾತ್ರಿ ನೀರನ್ನು ಮೇಲಕ್ಕೆ ತರುವುದು, ಹಗಲು ಬಿಸಿಲಿಗೆ ಕೊಡುವುದು. ಅದೆಲ್ಲವನ್ನೂ ಬಾಂಡ್ಲಿಯಲ್ಲಿ ಎತ್ತಿ, ಗಾರೆಯವರು ಮರಳು ಸೋಸುವ ಜರಡಿಯಲ್ಲಿ ಹಿಡಿದು, ನೀರಿನಲ್ಲಿ ಅದ್ದಿ ತೊಳೆದು ಮತ್ತೆ ಹೊದಿಸಿದೆ. ಈ ಇಡೀ ಕೆಲಸದಲ್ಲಿ ಯಾವುದಾದರೂ ಒಂದು ಹಂತವನ್ನು ಬಿಡುವಂತಿಲ್ಲ ಎಂದರೆ ಅದು ಜರಡಿ. ತೊಳೆದ ಕೆಂಪು ನೀರನ್ನು ನುಗ್ಗೆಯ ಬುಡಕ್ಕೆ ಹಾಕಿದೆ.

ಗುಣಿ

ಲಾ ಹೆರಿಯಾದಲ್ಲಿ ಮೂರು ಮೀಟರ್ ಆಳದ ಗುಣಿಗಳೂ ಇವೆ. ನಾನು ಮೂರು ಅಡಿಯಾದರೂ ಇರಲಿ ಎಂದು ಮೊದಲನೆಯದನ್ನು ತೋಡಿದೆ. ಎರಡೂವರೆ ಅಡಿಗೆ ಹಾರೆ ಟಣ್ ಎಂದಿತು, ಅಡಿಯಲ್ಲಿ ಗರಸು. ತಾತ ಬಂದು ಗುಣಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ನಾನು ಹೊರಗೆ ಎಸೆದಿದ್ದ ಮಣ್ಣನ್ನು ಕೈಯಲ್ಲಿ ಉದುರಿಸಿದರು. "ಒಳ್ಳೆಯ ಮಣ್ಣನ್ನೆಲ್ಲ ಮೇಲೆ ಹಾಕಿ ಗಿಡವನ್ನು ಗರಸಿನಲ್ಲಿ ನೆಡುತ್ತೀಯಲ್ಲಮ್ಮ. ಅದು ಏನು ತಿನ್ನಬೇಕು?"

ಅವರ ಮಾತು ಸರಿಯಾಗಿತ್ತು. ಆ ದ್ವೀಪದಲ್ಲಿ ಮಣ್ಣು ಬೂದಿಯ ಕೆಳಗೆ ಹೂತುಹೋಗಿದ್ದರಿಂದ ಅವರು ಆಳಕ್ಕೆ ಹೋದರು. ನಮ್ಮಲ್ಲಿ ಮಣ್ಣು ಇರುವುದು ಮೇಲೆಯೇ. ಆಳ ಅವರ ಕಷ್ಟಕ್ಕೆ ಉತ್ತರವಾಗಿತ್ತು, ನನಗೆ ಆ ಕಷ್ಟವೇ ಇರಲಿಲ್ಲ. ಗುಣಿಯನ್ನು ಅರ್ಧ ತುಂಬಿಸಿ, ಒಂದೂಕಾಲು ಅಡಿ ಆಳದ ಅಗಲ ತಟ್ಟೆಯಂತೆ ಮಾಡಿದೆ. ಮಿಕ್ಕ ಐದನ್ನೂ ಹಾಗೆಯೇ ತೋಡಿದೆ. ತಳದ ಮಣ್ಣಿಗೆ ಎರಡು ಬಾಂಡ್ಲಿ ಹಳೆಯ ಸಗಣಿಗೊಬ್ಬರ ಬೆರೆಸಿ, ಮೇಲೆ ಇನ್ನೊಂದು ತೆಳುವಾದ ಗೊಬ್ಬರದ ಪದರ ಹಾಸಿ, ಅದರ ಮೇಲೆ ಹೆಂಚಿನ ಚೂರು ಹೊದಿಸಿದೆ. ಲಾನ್ಸರೋಟೆಯಲ್ಲಿ ಬೂದಿ ಬೀಳದ ಹೊಲಗಳಿಗೆ ಬೂದಿಯನ್ನು ಹೊತ್ತು ತಂದು ಹರಡುವಾಗಲೂ ಮಣ್ಣಿಗೂ ಬೂದಿಗೂ ನಡುವೆ ಗೊಬ್ಬರ ಹಾಸುತ್ತಾರೆ. ವರ್ಷಗಳು ಕಳೆದಂತೆ ಬೂದಿ ಮಣ್ಣಿನೊಂದಿಗೆ ಬೆರೆತರೆ ಅದರ ಶಕ್ತಿ ಹೋಗುತ್ತದೆ, ಹೊಸದಾಗಿ ಹರಡಬೇಕಾಗುತ್ತದೆ. ಆದ್ದರಿಂದ ಹೊದಿಕೆ ಹಾಕಿದ ಮೇಲೆ ಅಲ್ಲಿ ಗುದ್ದಲಿ ಆಡಿಸುವಂತಿಲ್ಲ, ಕಳೆಯನ್ನು ಕೈಯಲ್ಲೇ ಕೀಳಬೇಕು.

ಗೋಡೆಗೆ ಸೈಜುಗಲ್ಲಿನ ತುಂಡುಗಳು ಸಿಕ್ಕವು. ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲು ಕೂರಿಸಿ, ಎರಡು ಅಡಿ ಎತ್ತರದ ಅರ್ಧವೃತ್ತ. ನಡುನಡುವೆ ಸಂದು ಬಿಡುವುದು ಬೇಕೆಂದೇ ಮಾಡಿದ ಕೆಲಸ. ಗಾಳಿಯನ್ನು ಪೂರ್ತಿ ತಡೆದರೆ ಅದು ಗೋಡೆ ಹಾರಿ ಒಳಗೆ ಸುಳಿಯಾಗಿ ಬೀಳುತ್ತದೆ, ಸಂದಿನಲ್ಲಿ ಸೋಸಿ ಬಿಟ್ಟರೆ ಮೆತ್ತಗಾಗುತ್ತದೆ. ಜೂನ್ ತಿಂಗಳಾದ್ದರಿಂದ ಪಡುವಣ ಗಾಳಿ ಸಸಿಗಳನ್ನು ಮಲಗಿಸುತ್ತಿತ್ತು. ಗೋಡೆಗಳನ್ನೆಲ್ಲ ಪಶ್ಚಿಮಕ್ಕೆ ಕಟ್ಟಿದೆ.

ನೀರಿಗೆ ಮನೆಯ ತಾರಸಿಯೇ ಆಧಾರ. ಎಂಟುನೂರು ಚದರಡಿ ತಾರಸಿಯ ಮೇಲೆ ಬೆಂಗಳೂರಿನ ವರ್ಷದ ಸುಮಾರು 970 ಮಿಲಿಮೀಟರ್ ಮಳೆ ಬಿದ್ದು, ಐದರಲ್ಲಿ ನಾಲ್ಕು ಪಾಲು ಕೈಗೆ ಸಿಕ್ಕರೂ ಐವತ್ತೇಳು ಸಾವಿರ ಲೀಟರ್. ಒಂದು ಇಳಿಕೊಳವೆಯನ್ನು ತಿರುಗಿಸಿ ಇನ್ನೂರು ಲೀಟರಿನ ಎರಡು ನೀಲಿ ಡ್ರಮ್ಮಿಗೆ ಕೊಟ್ಟೆ. ಹದಿನಾಲ್ಕು ಮಿಲಿಮೀಟರ್ ಮಳೆಗೆ ಎರಡೂ ತುಂಬುತ್ತವೆ. ಲಾನ್ಸರೋಟೆಯವರು ಇದೇ ಕೆಲಸಕ್ಕೆ ಗುಡ್ಡದ ಇಳಿಜಾರನ್ನೇ ಗಾರೆ ಬಳಿದು ನುಣುಪಾಗಿಸಿ, ಅದರ ಬುಡದಲ್ಲಿ ನೆಲದೊಳಗೆ ತೊಟ್ಟಿ ಕಟ್ಟುತ್ತಿದ್ದರು. ಅದೂ ಬತ್ತಿದ ವರ್ಷಗಳಲ್ಲಿ ಹಡಗಿನಲ್ಲಿ ನೀರು ತರಿಸಿಕೊಳ್ಳುತ್ತಿದ್ದರು. ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಅಲ್ಲಿಗೆ ಬಂದದ್ದು 1960ರ ದಶಕದ ಮಧ್ಯದಲ್ಲಿ.

ಎರಡು ಗುಣಿಗಳಿಗೆ ದೇವನಹಳ್ಳಿ ಕಡೆಯಿಂದ ಬೇರು ಬಿಟ್ಟ ಬೆಂಗಳೂರು ನೀಲಿ ದ್ರಾಕ್ಷಿಯ ಸಸಿ ತಂದೆ. 2013ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮದೇ ತಳಿ. ಎರಡಕ್ಕೆ ಬದನೆ. ಇನ್ನೆರಡಕ್ಕೆ ಆಗಸ್ಟಿನಲ್ಲಿ ಸೊಗಡವರೆ: ಒಳಗೆ ಮೂರು ಮೂರು ಬೀಜ, ಉಳಿದ ಬೀಜವನ್ನು ದಂಡ ಮಾಡುವುದೇಕೆಂದು ಅಂಚಿನ ಏರಿಯ ಮೇಲೆ ಊರಿದೆ.

ಅಕ್ಟೋಬರ್

2024ರ ಅಕ್ಟೋಬರ್ ಮೂರನೆಯ ವಾರದಲ್ಲಿ ಯಲಹಂಕದಲ್ಲಿ ಸುರಿದ ಮಳೆಯನ್ನು ಇಲ್ಲಿದ್ದವರು ಮರೆಯಲಾರರು. ಅಪಾರ್ಟ್‌ಮೆಂಟುಗಳಿಂದ ಜನರನ್ನು ದೋಣಿಯಲ್ಲಿ ಕರೆತಂದ ವಾರ ಅದು. ಬೆಳಗಾಗುವ ಹೊತ್ತಿಗೆ ನನ್ನ ಆರು ಗುಣಿಗಳು ಆರು ಹೊಂಡಗಳಾಗಿದ್ದವು. ಸೈಟಿನ ಇಳಿಜಾರಿನಲ್ಲಿ ಹರಿದು ಬಂದ ಕೆಂಪು ಕೆಸರು ಹೆಂಚಿನ ಚೂರುಗಳ ಮೇಲೆ ಎರಡು ಅಂಗುಲ ಕೂತಿತ್ತು. ನಾಲ್ಕನೆಯ ದಿನಕ್ಕೆ ಗುಣಿಯೊಳಗಿನ ಅವರೆ ಹಳದಿಯಾಯಿತು, ಆರರಲ್ಲಿ ನಾಲ್ಕು ಗಿಡ ಬೇರು ಕೊಳೆತು ಹೋದವು. ಏರಿಯ ಮೇಲೆ ಊರಿದ್ದ ಅವರೆಗೆ ಏನೂ ಆಗಿರಲಿಲ್ಲ.

ವರ್ಷಕ್ಕೆ 150 ಮಿಲಿಮೀಟರ್ ಬೀಳುವ ಊರಿನ ಗುಣಿಗೆ ಹೆಚ್ಚಾದ ನೀರು ಎಲ್ಲಿಗೆ ಹೋಗಬೇಕು ಎಂಬ ಚಿಂತೆ ಇರುವುದಿಲ್ಲ. ಅಲ್ಲಿ ಗುಣಿಯ ಸುತ್ತಲೂ ದಪ್ಪನೆಯ ಬೂದಿಯೇ ಇರುವುದರಿಂದ ಬಂದ ನೀರು ಇಳಿದುಹೋಗುತ್ತದೆ. ನಮ್ಮ ಕೆಮ್ಮಣ್ಣು ಕುಡಿಯುವುದು ನಿಧಾನ, ಕೆಳಗೆ ಗರಸು ಬೇರೆ. ಆ ಚಿಂತೆಗೆ ಉತ್ತರ ಈ ಊರಿನಲ್ಲೇ ಇತ್ತು. ತಾತ ನಿಂತ ನೀರನ್ನು ನೋಡುತ್ತ ಕೇಳಿದರು: "ಕೆರೆ ಕಟ್ಟಿದ್ದೀಯ, ಕೋಡಿ ಎಲ್ಲಿ?"

ಕೆರೆಗೆ ಏರಿ ಎಷ್ಟು ಮುಖ್ಯವೋ ಕೋಡಿಯೂ ಅಷ್ಟೇ. ತುಂಬಿದ ಮೇಲೆ ನೀರು ಹೊರಗೆ ಹೋಗುವ ತಗ್ಗು ಇಲ್ಲದಿದ್ದರೆ ಏರಿಯೇ ಒಡೆಯುತ್ತದೆ. ಬೆಂಗಳೂರಿನ ಕೆರೆಗಳು ಸರಪಣಿಯಂತೆ ಕಟ್ಟಿದವು: ಮೇಲಿನ ಕೆರೆಯ ಕೋಡಿ ಹರಿದು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಸೇರಬೇಕು. ಆ ಕಾಲುವೆಗಳ ಮೇಲೆ ಕಟ್ಟಡ ಕಟ್ಟಿದ್ದರ ಫಲವನ್ನು ಅದೇ ವಾರ ಬೀದಿಯಲ್ಲಿ ಮೊಣಕಾಲುದ್ದ ನಿಂತು ನೋಡಿದ್ದೆವು. ನನಗೆ ಆ ನೋವು ಈಗಲೂ ಹೋಗಿಲ್ಲ.

ನವೆಂಬರಿನ ಎರಡು ಭಾನುವಾರ ದುರಸ್ತಿಗೆ ಹೋದವು. ಕೆಸರುಗಟ್ಟಿದ ಚೂರುಗಳನ್ನೆಲ್ಲ ಎತ್ತಿ, ತೊಳೆದು, ಮತ್ತೆ ಜರಡಿ ಹಿಡಿದೆ. ಪ್ರತಿ ಗುಣಿಯ ಸುತ್ತ ಒಂದು ಗೇಣು ಎತ್ತರದ ಬದು ಹಾಕಿದೆ, ಹೊರಗಿನ ಕೆಸರುನೀರು ಒಳಗೆ ನುಗ್ಗದಂತೆ. ಗುಣಿಯ ನಡುವೆ ಅರ್ಧ ಅಡಿ ದಿಬ್ಬ ಎಬ್ಬಿಸಿದೆ, ಗಿಡ ಅದರ ಮೇಲೆ. ಬದುವಿನಲ್ಲಿ ಈಶಾನ್ಯಕ್ಕೆ ಒಂದು ಅಂಗೈ ಅಗಲದ ಕೋಡಿ ಬಿಟ್ಟು, ಅಲ್ಲಿ ಚಪ್ಪಟೆ ಕಲ್ಲು ಕೂರಿಸಿದೆ. ಒಂದರ ಕೋಡಿ ಇನ್ನೊಂದಕ್ಕೆ, ಕೊನೆಯದರ ಕೋಡಿ ಕೊಳವೆಬಾವಿಯ ಬಳಿಯ ಇಂಗುಗುಂಡಿಗೆ. ಆರು ಗುಣಿಗಳ ಕೆರೆ ಸರಣಿ. ಮುಂದಿನ ಮೇ ತಿಂಗಳ ಜೋರು ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿದೆ. ಮೊದಲ ಗುಣಿ ತುಂಬಿ, ಕಲ್ಲಿನ ಮೇಲೆ ತೆಳುವಾಗಿ ಜಾರಿ, ಎರಡನೆಯದಕ್ಕೆ ಇಳಿಯಿತು. ನೀರು ತಿಳಿಯಾಗಿತ್ತು.

ದ್ರಾಕ್ಷಿಯ ವಿಷಯದಲ್ಲೂ ದ್ವೀಪದ ರೀತಿ ನಡೆಯಲಿಲ್ಲ. ಅಲ್ಲಿ ಬಳ್ಳಿ ಗುಣಿಯೊಳಗೆ ನೆಲಕ್ಕಂಟಿ ಹರಡುತ್ತದೆ. ಗ್ರೀಸಿನ ಸಾಂತೊರಿನಿ ಎಂಬ ಇನ್ನೊಂದು ಜ್ವಾಲಾಮುಖಿ ದ್ವೀಪದಲ್ಲಂತೂ ಬಳ್ಳಿಯನ್ನು ನೆಲದ ಮೇಲೆಯೇ ಬುಟ್ಟಿಯಂತೆ ಸುತ್ತಿ, ಗೊಂಚಲುಗಳನ್ನು ಒಳಗೆ ಬಚ್ಚಿಡುತ್ತಾರೆ. ಗಾಳಿಯಿಂದ ಕಾಯಲು ಅದು ಸರಿ. ನಮ್ಮ ಆಗಸ್ಟಿನ ತಂಪಿನಲ್ಲಿ ನೆಲಕ್ಕಂಟಿದ ಎಲೆಗಳ ಅಡಿ ಬಿಳಿ ಬೂಷ್ಟು ಬಂತು. ದೇವನಹಳ್ಳಿಯ ರೈತರು ಚಪ್ಪರ ಹಾಕುವುದು ಸುಮ್ಮನೆ ಅಲ್ಲ. ಆರು ಅಡಿ ಗಳುಗಳ ಚಪ್ಪರ ಹಾಕಿ ಬಳ್ಳಿಗಳನ್ನು ಹತ್ತಿಸಿದೆ.

ಮಾಗಿ

ಡಿಸೆಂಬರಿನಲ್ಲಿ ಗಾಳಿ ತಿರುಗಿತು. ಲಾನ್ಸರೋಟೆಯಲ್ಲಿ ವರ್ಷದ ಹೆಚ್ಚಿನ ಕಾಲ ಈಶಾನ್ಯದ ವಾಣಿಜ್ಯ ಮಾರುತವೇ ಬೀಸುವುದರಿಂದ ಗೋಡೆಯ ದಿಕ್ಕು ಒಂದೇ. ಬೆಂಗಳೂರಿನಲ್ಲಿ ಮಳೆಗಾಲದ ಗಾಳಿ ಪಶ್ಚಿಮದ್ದು, ಚಳಿಗಾಲದ್ದು ಪೂರ್ವದ್ದು. ಮಳೆಗಾಲದ ಗಾಳಿ ಗಿಡವನ್ನು ಬಾಗಿಸಬಹುದು, ಒಣಗಿಸುವುದಿಲ್ಲ. ನೀರು ಕದಿಯುವುದು ಪೂರ್ವದ ಒಣಗಾಳಿಯೇ, ಅದಕ್ಕೆ ನನ್ನ ಗುಣಿಗಳು ಬಾಯಿ ತೆರೆದು ಕುಳಿತಿದ್ದವು. ಪಶ್ಚಿಮದ ಗೋಡೆಗಳ ಮೇಲಿನ ಸಾಲು ಕಲ್ಲುಗಳನ್ನು ತೆಗೆದು, ಎರಡು ದ್ರಾಕ್ಷಿ ಗುಣಿಗಳಿಗೆ ಪೂರ್ವದಲ್ಲೂ ಒಂದು ತಗ್ಗು ಗೋಡೆ ಇಟ್ಟೆ. ಗಾರೆ ಹಾಕದಿದ್ದದ್ದು ಅರ್ಧ ದಿನದಲ್ಲಿ ಕೆಲಸ ಮುಗಿಸಿತು. ಮಿಕ್ಕವುಗಳಿಗೆ ಪೂರ್ವದ ಬೇಲಿಗುಂಟ ತೊಗರಿ ಬಿತ್ತುವುದು ಎಂದು ತೀರ್ಮಾನಿಸಿದೆ.

ಬೂದಿ ರಾತ್ರಿಯ ಇಬ್ಬನಿಯನ್ನು ಹೀರಿ ಬಳ್ಳಿಗೆ ಉಣಿಸುತ್ತದೆ ಎಂದು ಲಾನ್ಸರೋಟೆಯ ಬಗ್ಗೆ ಮಾತನಾಡುವವರೆಲ್ಲ ಹೇಳುತ್ತಾರೆ. ಜನವರಿಯ ಒಂದು ತಿಳಿ ರಾತ್ರಿ ಒಂದು ಚದರಡಿಯ ಸ್ಟೀಲ್ ತಟ್ಟೆಗೆ ಹೆಂಚಿನ ಚೂರು ತುಂಬಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಅವರೆ ಸಾಲಿನ ಪಕ್ಕ ಇಟ್ಟೆ. ಬೆಳಿಗ್ಗೆ ಆರಕ್ಕೆ ಚೂರುಗಳು ಬೆವೆತಂತೆ ಹೊಳೆಯುತ್ತಿದ್ದವು. ತೂಗಿದರೆ ಎಂಟು ಗ್ರಾಂ ಹೆಚ್ಚು, ಒಂದೂವರೆ ಚಮಚ ನೀರು. ಒಂಬತ್ತು ಗಂಟೆಯ ಬಿಸಿಲಿಗೆ ಅದೂ ಹೋಯಿತು. ಹೆಂಚಿನ ಚೂರಿನ ಮಟ್ಟಿಗೆ ಹೇಳುವುದಾದರೆ ಇಬ್ಬನಿಯನ್ನು ನಂಬಿ ಗಿಡ ನೆಡಬಾರದು. ಉಳಿತಾಯವೆಲ್ಲ ಕೆಳಗಿನ ತೇವವನ್ನು ಮುಚ್ಚಿಡುವುದರಲ್ಲಿದೆ. ಇಬ್ಬನಿ ಬಿದ್ದರೇ ಅವರೆಗೆ ಸೊಗಡು ಎನ್ನುವ ನಮ್ಮವರ ಮಾತನ್ನು ಮಾತ್ರ ನಾನು ಅಳೆಯಲು ಹೋಗಲಿಲ್ಲ. ಸಂಕ್ರಾಂತಿಯ ಹಿಂದಿನ ವಾರ ಏರಿಯ ಗಿಡಗಳಿಂದ ಕಾಯಿ ಬಿಡಿಸಿದಾಗ ಬೆರಳುಗಳಿಗೆ ಅಂಟಿದ ಆ ಜಿಡ್ಡಿನ ಪರಿಮಳ ಸಂಜೆಯವರೆಗೂ ಹೋಗಲಿಲ್ಲ. ಮೊದಲ ಹಿದುಕಿದವರೆಯ ಸಾರು ತಾತನ ಮನೆಗೆ ಹೋಯಿತು.

ಮೂರು ಬಕೆಟ್ಟುಗಳು

2025ರ ಮಾರ್ಚ್‌ನಲ್ಲಿ, ಮನಸ್ಸಿನ ಸಮಾಧಾನಕ್ಕಾಗಿ, ಬಣ್ಣದ ಮೂರು ಖಾಲಿ ಬಕೆಟ್ಟುಗಳಿಗೆ ಹದಿನೈದು ಹದಿನೈದು ಕಿಲೋ ಅದೇ ಸೈಟಿನ ಮಣ್ಣು ತುಂಬಿ, ಮೂರು ಮೂರು ಲೀಟರ್ ನೀರು ಹಾಕಿದೆ. ಒಂದು ಬರೀ ಮಣ್ಣು, ಒಂದಕ್ಕೆ ಪುಡಿಸಮೇತ ಮೂರು ಅಂಗುಲ ಹೆಂಚು, ಒಂದಕ್ಕೆ ಜರಡಿ ಹಿಡಿದ ಚೂರು. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ದಿನಾ ಸಂಜೆ ತೂಕ. ಹತ್ತನೆಯ ದಿನ ಬರೀ ಮಣ್ಣಿನ ಬಕೆಟ್ 1,400 ಗ್ರಾಂ ಕಳೆದುಕೊಂಡಿತ್ತು, ಪುಡಿಸಮೇತದ್ದು 850, ಜರಡಿ ಹಿಡಿದದ್ದು 380. ಇದು ನನ್ನ ಅಂಗಳದ ಲೆಕ್ಕ, ಬೇರೆ ಮಣ್ಣಿನಲ್ಲಿ ಬೇರೆ ಬರಬಹುದು. ಆದರೂ ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರ ನೋಡಿ. ಎರಡರಲ್ಲೂ ಅದೇ ಹೆಂಚು, ಅದೇ ದಪ್ಪ.

ಆ ಬೇಸಗೆ ಪೂರ್ತಿ ಗುಣಿಗೊಂದು ಬಕೆಟ್ ನೀರು, ಎಂಟು ದಿನಕ್ಕೊಮ್ಮೆ. ಹಿಂದಿನ ವರ್ಷ ಅದೇ ಗಾತ್ರದ ಪಾತಿಗೆ ದಿನ ಬಿಟ್ಟು ದಿನ ಹಾಕಿಯೂ ಸಾಲದಿತ್ತು.

ಏಪ್ರಿಲ್ 20ರ ಬೆಳಿಗ್ಗೆ ಎರಡನೆಯ ಬದನೆ ಗುಣಿಯಲ್ಲಿ, ನೀರು ಹಾಕಿ ಏಳು ದಿನವಾಗಿದ್ದಾಗ, ಒಂದು ಅಂಗೈ ಜಾಗದ ಚೂರು ಸರಿಸಿದೆ. ಮೇಲಿನ ಪದರ ಆಗಲೇ ಬೆಚ್ಚಗೆ, ಒಣಗಿ ಗಲಗಲ ಎನ್ನುತ್ತಿತ್ತು. ಎರಡನೆಯ ಪದರ ತಣ್ಣಗೆ. ಮೂರನೆಯದರ ಅಡಿಯಲ್ಲಿ ಕರಿದಾದ ಗೊಬ್ಬರ, ಅದರಲ್ಲಿ ದಾರಕ್ಕಿಂತ ಸಣ್ಣ ಬಿಳಿ ಬೇರುಗಳು ಹೆಂಚಿನ ಚೂರಿನ ಬೆನ್ನಿಗೆ ಅಂಟಿಕೊಂಡು ಬಂದಿದ್ದವು. ಬೆಳಕು ಬಿದ್ದೊಡನೆ ಒಂದು ಎರೆಹುಳು ಹಿಂದಕ್ಕೆ ಸರಿದು ಮಣ್ಣಿಗೆ ಇಳಿಯಿತು. ಚೂರುಗಳನ್ನು ಇದ್ದ ಹಾಗೆ ಮುಚ್ಚಿ ಎದ್ದೆ.

ಈಗ ಜೂನ್. ದ್ರಾಕ್ಷಿ ಬಳ್ಳಿಗಳು ಚಪ್ಪರದ ಮೇಲೆ ಎರಡು ಕವಲು ಬಿಟ್ಟಿವೆ. ಗೊಂಚಲು ಕಾಣಲು ಅಕ್ಟೋಬರಿನ ಚಾಟನಿ, ಅಂದರೆ ಕವಲು ಸವರುವ ಕೆಲಸ, ಆಗಬೇಕು. ಪೂರ್ವದ ಬೇಲಿಗುಂಟ ತೊಗರಿ ಮೊಳೆತಿದೆ. ಕಳೆದ ವಾರ ಅಣ್ಣ ಬಂದು, ಮುಂದಿನ ವರ್ಷ ಪಾಯ ತೆಗೆಯಬಹುದು ಎಂದ. ಕಲ್ಲುಗಳಿಗೆ ಗಾರೆಯಿಲ್ಲ, ಚೂರುಗಳನ್ನು ಚೀಲಕ್ಕೆ ತುಂಬಬಹುದು. ಬಳ್ಳಿಗಳನ್ನು ಕೀಳಲಾಗುವುದಿಲ್ಲ, ಆದ್ದರಿಂದ ಚಾಟನಿಯಲ್ಲಿ ಸಿಗುವ ಕಡ್ಡಿಗಳನ್ನು ಬೇರು ಬಿಡಿಸಿ ಕುಂಡದಲ್ಲಿ ಇಟ್ಟುಕೊಳ್ಳಬೇಕು. "ನನ್ನ ಮನೆ ಮುಂದೆಯೂ ಎರಡು ಗುಣಿಯ ಜಾಗ ಬಿಡುತ್ತೇನೆ, ನೀನೇ ಅಳತೆ ಹಾಕು" ಎಂದ ಅಣ್ಣ. ಸುಣ್ಣದ ಪುಡಿಯಲ್ಲಿ ಎರಡು ವೃತ್ತ ಎಳೆದಿದ್ದೇನೆ. ಅವಕ್ಕೆ ನೂರಮೂವತ್ತು ಹೆಂಚು ಒಡೆಯಬೇಕು.